ಹಿತ್ತಾಳೆಯ ಬೆಸುಗೆ

ಯಲಹಂಕದ ಕಡೆಯವರಾದ ನಮಗೆ ಉಕ್ಕೆಂದರೆ ಮೊದಲು ನೆನಪಾಗುವುದು ರೈಲುಗಾಲಿ ಕಾರ್ಖಾನೆ. 1984ರಲ್ಲಿ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಎಂಬ ಹೆಸರಿನಲ್ಲಿ ಶುರುವಾಗಿ ಈಗ ರೈಲ್ ವೀಲ್ ಫ್ಯಾಕ್ಟರಿ ಆಗಿರುವ ಅಲ್ಲಿ, ಆಕ್ಸಲ್ ವಿಭಾಗದಲ್ಲಿ, ನಮ್ಮ ತಂದೆ ನಿವೃತ್ತಿಯವರೆಗೂ ದುಡಿದರು. ಓಡಿ ಓಡಿ ಸವೆದ ಗಾಲಿಗಳು, ಕೆಲಸಕ್ಕೆ ಬಾರದ ಆಕ್ಸಲ್‌ಗಳು ದೇಶದ ಬೇರೆ ಬೇರೆ ಕಡೆಗಳಿಂದ ಅಲ್ಲಿಗೆ ಬರುತ್ತವೆ. ವಿದ್ಯುತ್ ಕುಲುಮೆಯಲ್ಲಿ ಕರಗುತ್ತವೆ. ಗ್ರಾಫೈಟ್ ಅಚ್ಚಿನೊಳಕ್ಕೆ ಒತ್ತಡದಿಂದ ಏರಿದ ಆ ರಸವೇ ಹೊಸ ಗಾಲಿಯಾಗಿ ಹೊರಬರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಹಳೆಯ ಕಬ್ಬಿಣದ ವಿಚಾರದಲ್ಲಿ ಇದ್ದದ್ದು ಒಂದೇ ನಂಬಿಕೆ, ಕರಗಿಸಿದರೆ ಅದಕ್ಕೆ ಮರುಹುಟ್ಟು ಎಂದು. ಮಾವನ ಸೈಕಲ್ಲನ್ನು ಅಟ್ಟದಿಂದ ಇಳಿಸಿದ ದಿನ ಅಪ್ಪ ಹೇಳಿದ್ದೂ ಅದನ್ನೇ. “ಗುಜರಿಗೆ ಹಾಕಮ್ಮ. ಉಕ್ಕು ಎಲ್ಲಿಗೂ ಹೋಗಲ್ಲ, ಇನ್ನೊಂದು ರೂಪದಲ್ಲಿ ಬರುತ್ತೆ.”

ಉಕ್ಕು ಉಳಿದರೆ ಸಾಲದು, ಆ ರೂಪವೇ ಉಳಿಯಬೇಕು ಎಂಬುದು ನನ್ನ ಹಟವಾಗಿತ್ತು. ಯಾಕೆಂದರೆ ಅದು ಅಚ್ಚಿನಲ್ಲಿ ಎರಕ ಹೊಯ್ದ ಸೈಕಲ್ಲಲ್ಲ. ಒಬ್ಬ ಮನುಷ್ಯ ಒಂದೊಂದೇ ಕೊಳವೆಯನ್ನು ಅಳೆದು, ಕೊಯ್ದು, ಅರ ಹಾಕಿ, ಹಿತ್ತಾಳೆಯಿಂದ ಬೆಸೆದು ಮಾಡಿದ್ದು.

ಮಾವ, ಅಂದರೆ ಅಮ್ಮನ ತಮ್ಮ, 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಎಂಜಿನಿಯರ್ ಆಗಿ ಹೋದವರು. ಮೌಂಟೇನ್ ಬೈಕ್ ಎಂಬುದು ಹುಟ್ಟಿದ್ದು ಅಲ್ಲೇ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಮರಿನ್ ಕೌಂಟಿ. ಅಲ್ಲಿ ಟಾಮಲ್ಪೈಸ್ ಎಂಬ ಬೆಟ್ಟ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಒಂದಷ್ಟು ಹುಡುಗರು ಗುಜರಿಯಿಂದ ಶ್ವಿನ್ ಕಂಪನಿಯ ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಆರಿಸಿ ತಂದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಮೊದಲ ಸಲ ಗಡಿಯಾರ ಹಿಡಿದು ಸ್ಪರ್ಧೆ ನಡೆಸಿದರು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿ, ಸುಮಾರು 400 ಮೀಟರ್ ಇಳಿಜಾರು. ಆ ಸೈಕಲ್‌ಗಳಿಗೆ ಬ್ರೇಕು ಹಿಂದಿನ ಹಬ್ಬಿನೊಳಗೆ, ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವಂಥದ್ದು. ಒಂದು ಸಲ ಬೆಟ್ಟ ಇಳಿಯುವಷ್ಟರಲ್ಲಿ ಹಬ್ ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬದೆ ಎರಡನೆಯ ಸಲ ಇಳಿಯುವಂತಿರಲಿಲ್ಲ.

ಗುಜರಿ ಸೈಕಲ್ಲು ಎಷ್ಟು ದಿನ ತಡೆದೀತು? 1977ರಲ್ಲಿ ಜೋ ಬ್ರೀಜ್ ಎಂಬಾತ ಆ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ. ಅವನು ಹಾಗೆ ಕಟ್ಟಿದ ಮೊದಲ ಸೈಕಲ್ಲು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಹದಿಹರೆಯದಲ್ಲೇ ರೇಸ್ ಸೈಕಲ್ ಕಟ್ಟುವುದಕ್ಕೆ ಕೈ ಹಾಕಿದ್ದ ಟಾಮ್ ರಿಚಿ ಕೂಡ ಈ ಕೆಲಸಕ್ಕೆ ಇಳಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ‘ಮೌಂಟೇನ್‌ಬೈಕ್ಸ್’ ಎಂಬ ಹೆಸರಿನಲ್ಲೇ ಅಂಗಡಿ ಶುರು ಮಾಡಿದಾಗ ಅವರು ಮಾರಿದ್ದು ರಿಚಿ ಕಟ್ಟಿದ ಫ್ರೇಮುಗಳನ್ನು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿ ಜಪಾನಿನಲ್ಲಿ ಮಾಡಿಸಿದ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಅದು ಕಾರ್ಖಾನೆಯ ಸರಕು. ಮಾವ ಅಲ್ಲಿ ಇಳಿಯುವ ಹೊತ್ತಿಗೆ ಕೈಯಲ್ಲಿ ಕಟ್ಟಿದ ಫ್ರೇಮುಗಳೂ ಕಾರ್ಖಾನೆಯ ಫ್ರೇಮುಗಳೂ ಒಂದೇ ಅಂಗಡಿಯಲ್ಲಿ ನೇತಾಡುತ್ತಿದ್ದವಂತೆ. ಅವರು ಯಾರೋ ಬಳಸಿದ್ದ ಒಂದು ರಿಚಿಯನ್ನು ಕೊಂಡರು. ಕೆಂಪು ಬಣ್ಣದ್ದು. 1994ರಲ್ಲಿ ಊರಿಗೆ ವಾಪಸ್ಸಾದಾಗ ಪಾತ್ರೆಪಗಡ ಎಲ್ಲ ಅಲ್ಲೇ ಬಿಟ್ಟು ಸೈಕಲ್ಲನ್ನು ಮಾತ್ರ ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿ ತಂದರು.

ಆಗಿನ ಅಟ್ಟೂರನ್ನು ಈಗಿನವರಿಗೆ ಹೇಳಿದರೆ ನಂಬುವುದು ಕಷ್ಟ. ಮದರ್ ಡೇರಿ ದಾಟಿದರೆ ಮಣ್ಣುರಸ್ತೆ. ರಾಗಿ ಹೊಲ, ನಡುನಡುವೆ ದ್ರಾಕ್ಷಿ ಚಪ್ಪರ. ನಮ್ಮ ಮನೆ ಇದ್ದದ್ದು ಕಂದಾಯದ ಸೈಟುಗಳ ಮಧ್ಯೆ. ಮಾವ ಇದ್ದದ್ದು ಯಲಹಂಕ ಉಪನಗರದಲ್ಲಿ. ಪ್ರತಿ ಭಾನುವಾರ ಬೆಳಿಗ್ಗೆ ಆ ಕೆಂಪು ಸೈಕಲ್ಲಿನಲ್ಲಿ ಅಟ್ಟೂರು ಕೆರೆ ಏರಿಯ ಮೇಲೆ ಬಂದು, ನಮ್ಮಲ್ಲಿ ಕಾಫಿ ಕುಡಿದು, ದೊಡ್ಡಬಳ್ಳಾಪುರ ರಸ್ತೆ ಹಿಡಿದು ಆವಲಹಳ್ಳಿ ಕಡೆ ಹೋಗುತ್ತಿದ್ದರು. ಅಲ್ಲಿನ ಕಾಡಿನ ಅಂಚಿನ ಗಾಡಿಜಾಡು, ಕೆಮ್ಮಣ್ಣು, ನೀಲಗಿರಿ ಮರಗಳು ಅವರಿಗೆ ಕ್ಯಾಲಿಫೋರ್ನಿಯಾದ ಬೆಟ್ಟವನ್ನೇ ನೆನಪಿಸುತ್ತಿದ್ದವಂತೆ. ಮರಿನ್‌ನಲ್ಲೂ ಯಾರೋ ತಂದು ನೆಟ್ಟ ನೀಲಗಿರಿಯೇ ಇದೆಯೆಂದು ಆಶ್ಚರ್ಯಪಟ್ಟು ಹೇಳುತ್ತಿದ್ದರು. ಇವತ್ತು ಬೆಂಗಳೂರಿನ ಮೌಂಟೇನ್ ಬೈಕ್ ಹುಡುಗರಿಗೆಲ್ಲ ಆವಲಹಳ್ಳಿ ಗೊತ್ತು. ಆಗ ಅಲ್ಲಿ ಅವರೊಬ್ಬರೇ. ದನ ಮೇಯಿಸುವ ಹುಡುಗರು ಹಿಂದೆ ಓಡಿಬರುತ್ತಿದ್ದರಂತೆ.

ನನಗೆ ಸೈಕಲ್ ಕಲಿಸಿದ್ದು ಮಾವನೇ, ಅದೇ ಸೈಕಲ್ಲಿನಲ್ಲೇ. ಹೆಣ್ಣುಮಕ್ಕಳಿಗೆ ಲೇಡೀಸ್ ಸೈಕಲ್ ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಅಡ್ಡಕಂಬಿ ಇರುವ ಸೈಕಲ್ಲನ್ನು ಹುಡುಗಿ ಹತ್ತುವುದೆಂದರೆ ಬೀದಿಯವರೆಲ್ಲ ಒಂದು ಸಲ ತಿರುಗಿ ನೋಡುತ್ತಿದ್ದರು. ಮಾವ ಸೀಟನ್ನು ಪೂರ್ತಿ ಇಳಿಸಿ, ಹಿಂದಿನಿಂದ ಹಿಡಿದುಕೊಂಡು, “ಕೆಳಗೆ ನೋಡಬೇಡ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ನೋಡು” ಎನ್ನುತ್ತಿದ್ದರು. ನಮ್ಮ ಬೀದಿಯಲ್ಲಿದ್ದ ಹರ್ಕ್ಯುಲಿಸ್ ಎಂಟಿಬಿ, ಹೀರೊ ರೇಂಜರ್‌ಗಳನ್ನೂ ನಾನು ತುಳಿದಿದ್ದೇನೆ. ಅವನ್ನು ಎತ್ತಿದರೆ ತೋಳು ನೋಯುತ್ತಿತ್ತು. ಮಾವನದನ್ನು ಒಂದೇ ಕೈಯಲ್ಲಿ ಎತ್ತಿ ಚರಂಡಿ ದಾಟಿಸುತ್ತಿದ್ದೆ. ಎರಡೂ ಉಕ್ಕೇ ತಾನೇ, ಇದು ಹೇಗೆ ಇಷ್ಟು ಹಗುರ ಎಂದು ಅಪ್ಪನನ್ನು ಕೇಳಿದ್ದೆ.

ಆ ದಿನ ಅಪ್ಪ ಪೆನ್ಸಿಲ್ ಹಿಡಿದು ವಿವರಿಸಿದ್ದು ಇನ್ನೂ ನೆನಪಿದೆ. ಉಕ್ಕು ಯಾವುದಾದರೂ ತೂಕ ಹೆಚ್ಚುಕಡಿಮೆ ಒಂದೇ, ಬೇರೆಯಾಗುವುದು ಬಲ. ಈ ಜಾತಿಯ ಸೈಕಲ್ಲಿಗೆ ಬಳಸುವ ಕ್ರೋಮ್‌ಮಾಲಿ ಉಕ್ಕಿನಲ್ಲಿ ಶೇ. 0.3ರಷ್ಟು ಇಂಗಾಲ, ಶೇ. 1ರ ಆಸುಪಾಸು ಕ್ರೋಮಿಯಂ, ಶೇ. 0.2ರಷ್ಟು ಮಾಲಿಬ್ಡಿನಂ. ಅದರ ಬಲದಿಂದಾಗಿ ಕೊಳವೆಯ ಗೋಡೆಯನ್ನು ಒಂದು ಮಿಲಿಮೀಟರಿಗಿಂತ ತೆಳ್ಳಗೆ ಮಾಡಬಹುದು. ಅದರಲ್ಲೂ ಬೆಸುಗೆ ಬೀಳುವ ಎರಡು ತುದಿಗಳಲ್ಲಿ ದಪ್ಪ ಉಳಿಸಿ, ನಡುವೆ ಇನ್ನಷ್ಟು ತೆಳ್ಳಗೆ ಎಳೆಯುತ್ತಾರೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನ 1897ರಲ್ಲೇ ಈ ವಿಧಾನಕ್ಕೆ ಪೇಟೆಂಟ್ ಪಡೆದಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಬೆರಳಿನ ಉಗುರಿನಿಂದ ತಟ್ಟುತ್ತಾ ಹೋದರೆ ನಡುವೆ ಸದ್ದು ಬದಲಾಗುತ್ತದೆ. ಅಪ್ಪ ತಟ್ಟಿ ತೋರಿಸಿದ್ದರು.

2007ರಲ್ಲಿ ಯಲಹಂಕ ನಗರಸಭೆ ಬಿಬಿಎಂಪಿಗೆ ಸೇರಿತು, ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ರಸ್ತೆಗಳು ಅಗಲವಾದವು, ಸೈಕಲ್ಲಿಗೆ ಜಾಗ ಇಲ್ಲದಾಯಿತು. ಮಾವನ ಮಂಡಿ ಸವೆಯಿತು. ಸೈಕಲ್ಲು ನಮ್ಮ ಮನೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಶೀಟಿನ ಕೆಳಗೆ ಸೇರಿ, ಅಲ್ಲಿಂದ ಅಟ್ಟಕ್ಕೆ ಹೋಯಿತು. ಲಾಕ್‌ಡೌನ್ ಮುಗಿದು ಊರಿಗೆ ಊರೇ ಸೈಕಲ್ ಕೊಳ್ಳಲು ಹೊರಟಾಗ ನನಗೆ ಅದರ ನೆನಪಾಯಿತು.

ಇಳಿಸಿ ನೋಡಿದರೆ ಚೈನು ಕಬ್ಬಿಣದ ಕೋಲಿನಂತಾಗಿತ್ತು. ಟೈರುಗಳು ಬಿರಿದು ಉದುರುತ್ತಿದ್ದವು. ಅವೆಲ್ಲ ಹೋಗಲಿ, ಹೊಸದು ಹಾಕಬಹುದು. ಭಯ ಹುಟ್ಟಿಸಿದ್ದು ಎರಡು: ಸೀಟ್ ಪೋಸ್ಟು ಫ್ರೇಮಿನೊಳಗೆ ಕಚ್ಚಿಕೊಂಡಿತ್ತು, ಮತ್ತು ಹಿಂದಿನ ಎಡಗಡೆಯ ಬ್ರೇಕು ಕೂರುವ ಗೂಟ ಅಲುಗಾಡುತ್ತಿತ್ತು.

ಸೀಟ್ ಪೋಸ್ಟಿನ ಕಥೆ ಹಳೆಯ ಉಕ್ಕಿನ ಸೈಕಲ್ ಹಿಡಿದವರಿಗೆಲ್ಲ ಗೊತ್ತಿರುವಂಥದ್ದು. ಪೋಸ್ಟು ಅಲ್ಯೂಮಿನಿಯಂ, ಫ್ರೇಮು ಉಕ್ಕು. ನಡುವೆ ಮಳೆನೀರು ಅಥವಾ ಬೆವರು ಸೇರಿತೆಂದರೆ ಎರಡು ಲೋಹಗಳೂ ಸೇರಿ ಬ್ಯಾಟರಿಯ ಕೆಲಸ ಶುರು ಮಾಡುತ್ತವೆ. ಅಲ್ಯೂಮಿನಿಯಂ ಸವೆದು ಬಿಳಿಯ ಪುಡಿಯಾಗುತ್ತದೆ; ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಒಳಗೇ ಉಬ್ಬಿ ಬಿಗಿಯುತ್ತದೆ. ಸೈಕಲ್ಲನ್ನು ತಲೆಕೆಳಗು ಮಾಡಿ ಪೆಡಲಿನ ಅಚ್ಚು ಕೂರುವ ‘ಬಿಬಿ’ಯ ಬಾಯಿಂದ ತುಕ್ಕು ಬಿಡಿಸುವ ಎಣ್ಣೆ ಇಳಿಬಿಟ್ಟೆವು. ಒಂದು ವಾರ ಬಿಟ್ಟರೂ ಜಗ್ಗಲಿಲ್ಲ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಕುಗ್ಗುತ್ತದೆಂದು ಐಸ್ ತುಂಬಿ ನೋಡಿದೆವು. ಪೋಸ್ಟಿನ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ ಇಡೀ ಫ್ರೇಮನ್ನೇ ತಿರುಗಿಸಲು ಹೋದಾಗ, ತೆಳು ಕೊಳವೆ ತಿರುಚಿಕೊಂಡೀತೆಂದು ಅಪ್ಪನೇ ತಡೆದರು.

ಗುಜರಿಗೆ ಹಾಕು ಎಂದಿದ್ದವರು ಅಷ್ಟೊತ್ತಿಗೆ ಇದರೊಳಗೆ ಇಳಿದಿದ್ದರು. “ಕಾಸ್ಟಿಕ್ ಸೋಡಾ” ಎಂದರು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಉಕ್ಕನ್ನು ಮುಟ್ಟುವುದಿಲ್ಲ. ಆದರೆ ಬಣ್ಣವನ್ನು ಬಿಡುವುದಿಲ್ಲ, ಚರ್ಮವನ್ನಂತೂ ಬಿಡುವುದೇ ಇಲ್ಲ. ಪೋಸ್ಟನ್ನು ಕಾಲರಿನ ಮೇಲಕ್ಕೆ ಹ್ಯಾಕ್ಸಾದಿಂದ ಕೊಯ್ದೆವು. ಕೆಳಗಿನ ಬಾಯಿಗೂ ಬಾಟಲಿ ಸ್ಟ್ಯಾಂಡಿನ ತೂತುಗಳಿಗೂ ರಬ್ಬರ್ ಬಿರಡೆ ಬಡಿದೆವು. ಹೊರಗಿನ ಬಣ್ಣದ ಮೇಲೆ ದಪ್ಪಗೆ ಗ್ರೀಸು ಬಳಿದು ಪ್ಲಾಸ್ಟಿಕ್ ಸುತ್ತಿದೆವು. ಮಹಡಿಯ ಬಯಲಿನಲ್ಲಿ, ಕನ್ನಡಕ, ಕೈಗವಸು ಹಾಕಿಕೊಂಡು, ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವೇ ಸೇರಿಸಿದರು. ಸೋಡಾದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಒಳಗೆ ಹೊಯ್ದ ತಕ್ಷಣ ನೊರೆ ಉಕ್ಕಿ ಬಂತು. ಬರುವುದು ಹೈಡ್ರೋಜನ್, ಹತ್ತಿರದಲ್ಲಿ ಬೆಂಕಿಕಡ್ಡಿ ಕೂಡ ಗೀರುವಂತಿಲ್ಲವೆಂದು ಕೆಳಗಿನ ಮನೆಯವರಿಗೂ ಹೇಳಿಬಂದರು. ಕಪ್ಪು ಕೆಸರನ್ನು ಬಗ್ಗಿಸಿ ಮತ್ತೆ ಹೊಸದು ತುಂಬುತ್ತಾ ಹೋದೆವು. ಪೋಸ್ಟು ಒಳಗಿನಿಂದ ತೆಳ್ಳಗಾಗುತ್ತಾ, ಕೊನೆಗೆ ಕಾಗದದಷ್ಟು ಆದಾಗ ಇಕ್ಕಳ ಹಾಕಿ ಎಳೆದರೆ ಸುರುಳಿ ಸುರುಳಿಯಾಗಿ ಬಂತು. ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಕೊಳವೆಯ ಉಕ್ಕು ಹಾಗೇ ಇತ್ತು. ಅಪ್ಪ ತಮ್ಮ ವರ್ನಿಯರ್ ತಂದು ಒಳವ್ಯಾಸ ಅಳೆದು ಹಾಲಿನ ಕವರಿನ ಮೇಲೆ ಬರೆದಿಟ್ಟರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಿವೃತ್ತಿಯಾದ ಮೇಲೆ ನಾನು ನೋಡಿರಲಿಲ್ಲ.

ಉಳಿದ ಬಿಚ್ಚುವ ಕೆಲಸಕ್ಕೆ ನಮ್ಮ ಅಟ್ಟೂರಿನ ಸೈಕಲ್ ಶಾಪಿನ ಅಣ್ಣನ ಹತ್ತಿರ ಹೋದೆ. ಅವರ ಅಂಗಡಿಯ ಮುಂದೆ ಸದಾ ನಿಂತಿರುವುದು ಶಾಲೆ ಮಕ್ಕಳ ಸೈಕಲ್‌ಗಳು. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟವು. ಕಡ್ಡಿ ಬಿಗಿದು ರಿಮ್ಮಿನ ಬೆಂಡ್ ತೆಗೆಯುವುದರಲ್ಲಿ ಅವರ ಕೈ ಹಿಡಿಯುವವರಿಲ್ಲ. ಇಂಥ ವಿದೇಶಿ ಸೈಕಲ್ಲಿಗೆ ಬೇರೆಯೇ ಪರಿಣತರು ಬೇಕೇನೋ ಎಂಬ ಅಂಜಿಕೆಯನ್ನು ಅವರು ಐದು ನಿಮಿಷದಲ್ಲಿ ಕಳೆದರು. ಬಿಬಿಯ ಬಲಗಡೆ ಕಪ್ಪಿಗೆ ಸ್ಪ್ಯಾನರ್ ಹಾಕಿ, ನಾನು ಬಾಯಿ ತೆರೆಯುವ ಮೊದಲೇ, ಉಲ್ಟಾ ತಿರುಗಿಸಿದರು. “ಬಲಗಡೆ ಯಾವಾಗ್ಲೂ ಎಡಸುತ್ತು ಮೇಡಂ, ಹರ್ಕ್ಯುಲಿಸ್‌ದೂ ಹಂಗೇ.” ಹೌದು. ಇಂಗ್ಲೆಂಡಿನವರು ಸೈಕಲ್ಲಿಗೆ ಗೊತ್ತುಮಾಡಿದ ಅಳತೆಯೇ ಮದ್ರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ ಕಾರ್ಖಾನೆಗೂ ಬಂತು, ಕ್ಯಾಲಿಫೋರ್ನಿಯಾದ ಶೆಡ್ಡಿಗೂ ಹೋಯಿತು. ಒಳಗಿನ ಗುಂಡುಗಳು ಕಾಲಿಂಚಿನವು; ಡಬ್ಬಿಯಿಂದ ಒಂದು ಹಿಡಿ ತೆಗೆದು ಎಣಿಸಿ ಕೊಟ್ಟರು. ಮುಂದಿನ ಹಬ್ಬಿನ ಗುಂಡುಗಳೂ ಅದೇ ಅಂಗಡಿಯಲ್ಲಿ ಸಿಕ್ಕವು. ಕೋನುಗಳು ಸವೆದಿರಲಿಲ್ಲ, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಗ್ರೀಸು ತುಂಬಿದರು.

ಟೈರಿನ ವಿಷಯ ನನಗೆ ಅಚ್ಚರಿಯೆನಿಸಿತು. ಮೌಂಟೇನ್ ಬೈಕ್ ಹುಟ್ಟಿದ್ದು 26 ಇಂಚಿನ ಗಾಲಿಯ ಮೇಲೆ, ಅದೂ 1933ರಲ್ಲಿ ಶ್ವಿನ್ ತಂದ ದಪ್ಪ ಬಲೂನ್ ಟೈರಿನ ಅಳತೆ. ಕಳೆದ ಹದಿನೈದು ವರ್ಷಗಳಲ್ಲಿ ಪಾಶ್ಚಾತ್ಯ ಕಂಪನಿಗಳೆಲ್ಲ 27.5, 29 ಇಂಚಿಗೆ ಹೋಗಿ, ಹಳೆಯ ಅಳತೆಯ ಒಳ್ಳೆಯ ಟೈರು ಅಲ್ಲಿ ಅಪರೂಪವಾಗುತ್ತಿದೆ. ನಮ್ಮಲ್ಲಿ ರೇಂಜರ್, ಎಂಟಿಬಿಗಳ ದೆಸೆಯಿಂದ ಯಾವ ಹಳ್ಳಿಯ ಅಂಗಡಿಯಲ್ಲೂ 26 ಇಂಚಿನ ರಾಲ್ಸನ್ ಟೈರು ಮೊಳೆಗೆ ನೇತುಹಾಕಿರುತ್ತದೆ. ಕ್ಯಾಲಿಫೋರ್ನಿಯಾದ ರಿಮ್ಮಿಗೆ ಲೂಧಿಯಾನದ ಟೈರು ಬಿಗಿಯಾಗಿ ಕೂತಿತು.

ಗೇರಿನದೂ ಹಾಗೇ. ಅದರ ಹ್ಯಾಂಡಲ್ಲಿನ ಮೇಲಿರುವುದು ಹೆಬ್ಬೆರಳಿನಿಂದ ತಳ್ಳುವ ಹಳೆಯ ಶಿಮಾನೊ ಲಿವರು. ಒಳಗಿನ ಗ್ರೀಸು ಗಟ್ಟಿಯಾಗಿ ಅಂಟಾಗಿತ್ತು, ತೊಳೆದ ಮೇಲೆ ಸರಾಗವಾಯಿತು. ಅದಕ್ಕೆ ಎರಡು ನಡೆ: ಒಂದರಲ್ಲಿ ಗೇರಿನಿಂದ ಗೇರಿಗೆ ಟಿಕ್ ಟಿಕ್ ಎಂದು ಹಾರುತ್ತದೆ, ಇನ್ನೊಂದರಲ್ಲಿ ಬರೀ ಉಜ್ಜಿಕೊಂಡು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಈ ಎರಡನೆಯ ನಡೆ ಇರುವುದರಿಂದ ಹಿಂದೆ ಯಾವ ಕಂಪನಿಯ ಫ್ರೀವೀಲ್ ಹಾಕಿದರೂ ಆಗುತ್ತದೆ, ಕಿವಿಯಿಂದ ಕೇಳುತ್ತಾ ಸರಿಮಾಡಿಕೊಳ್ಳಬಹುದು. ಈಗಿನ ಗೇರು ಸೆಟ್ಟುಗಳಲ್ಲಿ ಒಂದು ತುಂಡು ಹೋದರೆ ಎಷ್ಟೋ ಸಲ ಇಡೀ ಸೆಟ್ಟೇ ಬದಲಾಗಬೇಕು. ಇದನ್ನು ಮಾಡಿದವರು, ಎಲ್ಲೋ ಬೆಟ್ಟದಲ್ಲಿ ಏನೋ ಮುರಿದು ಸಿಕ್ಕಿದ್ದನ್ನು ಹಾಕಿಕೊಂಡು ಮನೆ ಸೇರುವವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದಕ್ಕೇ ನನಗೆ ಆ ಲಿವರಿನ ಮೇಲೆ ಅಷ್ಟು ಗೌರವ.

ಇನ್ನು ಬ್ರೇಕಿನ ಗೂಟ. ಅಣ್ಣ ಅದನ್ನು ಅಲ್ಲಾಡಿಸಿ ನೋಡಿ ತಲೆಯಾಡಿಸಿದರು. “ಇದು ನನ್ನ ಕೈಲಿ ಆಗಲ್ಲ. ಕರೆಂಟ್ ವೆಲ್ಡಿಂಗ್ ಮಾತ್ರ ಮಾಡಿಸ್ಬೇಡಿ, ಪೈಪ್ ತೂತಾಗೋಗುತ್ತೆ. ಹಿತ್ತಾಳೇನೇ ಆಗ್ಬೇಕು.” ಹಿತ್ತಾಳೆ ಹಾಕುವವರು ಈಗ ಎಲ್ಲಿದ್ದಾರೆ? ಗ್ರಿಲ್ಲು, ಗೇಟು ಮಾಡುವ ಅಂಗಡಿಗಳಿಗೆ ಲೆಕ್ಕವಿಲ್ಲ. ಎಲ್ಲರ ಹತ್ತಿರವೂ ಕರೆಂಟಿನ ಯಂತ್ರ. ಕೇಳುತ್ತಾ ಕೇಳುತ್ತಾ ಯಲಹಂಕ ಹಳೇ ಊರಿನ ಒಂದು ಓಣಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಮೇಸ್ತ್ರಿ ಇದ್ದಾರೆಂದು ತಿಳಿಯಿತು. ಹಿಂದೆ ಬಾಡಿಗೆ ಸೈಕಲ್ ಅಂಗಡಿಗಳಿದ್ದಾಗ ಅವರಿಗೆ ದಿನವೂ ಕೆಲಸ. ಮುರಿದ ಫೋರ್ಕು, ಬಿಟ್ಟ ಲಗ್ಗು, ಎಲ್ಲಕ್ಕೂ ಹಿತ್ತಾಳೆಯೇ ಮದ್ದು. ಈಗ ಯಾರೋ ಟ್ರ್ಯಾಕ್ಟರಿನ ಎಣ್ಣೆ ಪೈಪು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರು ಮೊದಲು ಗೂಟ ನೋಡಲಿಲ್ಲ. ಸೈಕಲ್ಲನ್ನು ಬೆಳಕಿಗೆ ತಿರುಗಿಸಿ, ಹ್ಯಾಂಡಲಿನ ಕೆಳಗೆ ಎರಡು ಕೊಳವೆಗಳು ಸೇರುವ ಜಾಗದ ಮೇಲೆ ಹೆಬ್ಬೆರಳು ಓಡಿಸಿದರು. ನಮ್ಮ ಕಡೆಯ ಸೈಕಲ್‌ಗಳಲ್ಲಿ ಅಲ್ಲಿ ಲಗ್ಗು ಇರುತ್ತದೆ. ಕೊಳವೆಗಳು ಅದರೊಳಗೆ ತೂರಿಕೊಂಡಿರುತ್ತವೆ. ಇದರಲ್ಲಿ ಲಗ್ಗಿಲ್ಲ. ಕೊಳವೆಗೆ ಕೊಳವೆಯನ್ನೇ ಒಡ್ಡಿ, ಸುತ್ತಲೂ ಹಿತ್ತಾಳೆ ಏರಿಸಿ, ಅರ ಹಾಕಿ ತೀಡಿದ್ದಾರೆ. ಕೊಂಬೆ ಕಾಂಡದಿಂದ ಹೊರಡುವ ಕಡೆ ಹೇಗೆ ಎಲ್ಲಿಂದ ತಿರುಗಿತೆಂದು ತಿಳಿಯದೋ ಹಾಗೆ ಒಂದು ಇನ್ನೊಂದರೊಳಕ್ಕೆ ಹರಿದಿದೆ. ಮೇಸ್ತ್ರಿ ಬಹಳ ಹೊತ್ತು ಅದನ್ನೇ ಸವರುತ್ತಿದ್ದರು. “ಯಾರಮ್ಮ ಮಾಡಿದ್ದು?” ಎಂದರು. ಅಮೆರಿಕದವರು ಎಂದೆ. “ಕಲಿತವನು,” ಎಂದರು.

ಗೂಟದಲ್ಲಿ ಉಕ್ಕು ಮುರಿದಿರಲಿಲ್ಲ. ಬಣ್ಣ ಎದ್ದ ಕಡೆಯಿಂದ ತುಕ್ಕು ಒಳಹೊಕ್ಕು ಬೆಸುಗೆ ಬಿಟ್ಟುಕೊಂಡಿತ್ತು. ಮೇಸ್ತ್ರಿ ಗೂಟವನ್ನು ಬಿಡಿಸಿ ತೆಗೆದು, ಎರಡೂ ಮೈಯನ್ನು ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿದರು. ಬಲಗಡೆಯ ಗೂಟದ ಅಳತೆ ತೆಗೆದುಕೊಂಡು ಎಡಗಡೆಗೆ ಗುರುತು ಹಾಕಿದ್ದು ಅಪ್ಪನ ವರ್ನಿಯರಿನಿಂದ. ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬ್ರೇಕ್ ರಬ್ಬರು ರಿಮ್ಮಿಗೆ ಸರಿಯಾಗಿ ಕೂರುವುದಿಲ್ಲ. ಅಕ್ಕಪಕ್ಕದ ಕೊಳವೆಗೆ ಒದ್ದೆ ಗೋಣಿ ಸುತ್ತಿದರು. ಆಮೇಲೆ ಬಿಳಿಗಾರವನ್ನು ನೀರಿನಲ್ಲಿ ಕಲಸಿ ಬಳಿದರು. ಕಾಯಿಸಿದಾಗ ಬಿಳಿಗಾರ ಕರಗಿ ಗಾಜಿನ ಹಾಗೆ ಹರಡಿ ಲೋಹಕ್ಕೆ ಗಾಳಿ ತಗುಲದಂತೆ ಕಾಯುತ್ತದೆ. ಅದಿಲ್ಲದೆ ಹಿತ್ತಾಳೆ ಗುಂಡುಗಟ್ಟಿ ಉರುಳಿಹೋಗುತ್ತದೆ.

ಉರಿ ಹತ್ತಿಸಿ, ಅದರ ನಡುವಿನ ನೀಲಿ ಮೊನೆ ಚೂಪಾಗುವವರೆಗೆ ಆಕ್ಸಿಜನ್ ತಿರುಗಿಸಿದರು. ಹಿತ್ತಾಳೆ ಕಡ್ಡಿ ಕರಗುವುದು 900 ಡಿಗ್ರಿಯ ಹತ್ತಿರ, ಉಕ್ಕು ಕರಗುವುದು 1,500ರ ಹತ್ತಿರ. ಆ ಎರಡರ ನಡುವೆ ಕೈ ನಿಲ್ಲಬೇಕು. ಕಣ್ಣಿಗೆ ಬೇರೆ ಅಳತೆ ಇಲ್ಲ, ಬಣ್ಣವೇ ಅಳತೆ. ಕೊಳವೆ ಮಂಕು ಕೆಂಪಾಯಿತು, ಕೆಂಪು ತಿಳಿಯಾಯಿತು. ಅವರು ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಲೇ ಇದ್ದರು, ದಪ್ಪ ಗೂಟದ ಕಡೆಗೆ ಹೆಚ್ಚು, ತೆಳು ಕೊಳವೆಯ ಕಡೆಗೆ ಕಡಿಮೆ. ಕಡ್ಡಿ ತಾಗಿಸಿದರು. ಹಿತ್ತಾಳೆ ಒಂದು ಕ್ಷಣ ತಡೆದು, ಆಮೇಲೆ ತಾನಾಗಿಯೇ ಸಂದಿನೊಳಕ್ಕೆ ಓಡಿ, ಆ ಕಡೆಯಿಂದ ಹೊಳೆಯುತ್ತಾ ಕಾಣಿಸಿತು. ಉರಿ ಆರಿಸಿದರು. ಸಹಾಯಕ್ಕಿದ್ದ ಹುಡುಗ ಅಭ್ಯಾಸಬಲದಿಂದ ನೀರಿನ ಮಗ್ ತಂದ. “ಏಯ್, ನೀರು ಹಾಕ್ಬೇಡ್ವೋ!” ಎಂದು ಕೂಗಿದರು. ಕ್ರೋಮ್‌ಮಾಲಿ ಎಂಬ ಹೆಸರು ಅವರಿಗೆ ಗೊತ್ತಿರಲಿಲ್ಲ. ಆದರೆ ಈ ಜಾತಿಯ ಉಕ್ಕನ್ನು ಬಿಸಿಯಲ್ಲಿ ನೀರಿಗೆ ಹಾಕಿದರೆ ಪೆಡಸಾಗಿ ಬಿರಿಯುತ್ತದೆಂಬುದು ಅವರ ಕೈಗೆ ಗೊತ್ತಿತ್ತು. ತಾನಾಗಿ ಆರಲು ಬಿಟ್ಟು ಬೀಡಿ ಹಚ್ಚಿದರು.

ಆರಿದ ಮೇಲೆ, ಫ್ರೇಮು ಏನಾದರೂ ಓರೆಯಾಗಿದೆಯೇ ಎಂದು ನೋಡಬೇಕಿತ್ತು. ಹಿಂದಿನ ಗಾಲಿ ಕೂರುವ ಒಂದು ತುದಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲಿನ ಕೊಳವೆ ಬಳಸಿ, ಇನ್ನೊಂದು ತುದಿಗೆ ತಂದು ಬಿಗಿದರು. ಸೀಟಿನ ಕೊಳವೆಗೂ ದಾರಕ್ಕೂ ಇರುವ ಸಂದು ಎರಡೂ ಕಡೆ ಒಂದೇ ಇದ್ದರೆ ಫ್ರೇಮು ನೇರ. ಇದೇ ದಾರದ ಪರೀಕ್ಷೆಯನ್ನು ಜಗತ್ತಿನ ಫ್ರೇಮ್ ಕಟ್ಟುವವರೆಲ್ಲ ಮಾಡುತ್ತಾರೆಂದು ಆಮೇಲೆ ಮಾವ ಹೇಳಿದರು. ಸಂದು ಸರಿಯಾಗಿತ್ತು.

ನಾನು ಆ ಓಣಿಯಲ್ಲಿ ನಿಂತು ಯೋಚಿಸಿದ್ದು ಇಷ್ಟು. ಇವತ್ತಿನ ಲಕ್ಷಾಂತರ ರೂಪಾಯಿಯ ಕಾರ್ಬನ್ ಫ್ರೇಮಿಗೆ ಇದೇ ಜಾಗದಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನು ಎತ್ತಿಕೊಂಡು ಇಲ್ಲಿಗೆ ಬರುವಂತಿರಲಿಲ್ಲ. ಅಲ್ಯೂಮಿನಿಯಂ ಆಗಿದ್ದರೆ ಬೆಸೆದ ಮೇಲೆ ಮತ್ತೆ ಕುಲುಮೆಯಲ್ಲಿಟ್ಟು ಹದ ಮಾಡದೆ ಹಳೆಯ ಬಲ ಬರುವುದಿಲ್ಲ. ಉಕ್ಕು ಮಾತ್ರ, ಹಿತ್ತಾಳೆ ಮಾತ್ರ, ಊರಿನ ಕೈಗೆ ಬಗ್ಗುತ್ತದೆ. ಹಳೆಯ ಉಕ್ಕಿನ ಸೈಕಲ್ಲು ಉಳಿಯಬೇಕೆಂದು ಆಸೆಪಡುವವರು ಮೊದಲು ಉಳಿಸಿಕೊಳ್ಳಬೇಕಾದ್ದು ಇಂಥ ಮೇಸ್ತ್ರಿಗಳನ್ನು. ಅವರ ಹತ್ತಿರ ಕೆಲಸ ಹೋಗಬೇಕು. ಅವರ ಹುಡುಗನಿಗೆ ಇದರಲ್ಲಿ ಅನ್ನ ಇದೆಯೆಂದು ಕಾಣಬೇಕು.

ಬಣ್ಣದ ವಿಚಾರಕ್ಕೆ ಬಂದಾಗ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡಿಸಿಬಿಡಿ, ಶೋರೂಮಿನಿಂದ ಬಂದಂಗಿರುತ್ತೆ ಎಂದು ಸೈಕಲ್ ಶಾಪಿನ ಅಣ್ಣ. ಅಚ್ಚರಿಯೆಂದರೆ ಮಾವನೂ ಅವರ ಪಕ್ಷ. “ನಾನು ತಂದಾಗ ಹೆಂಗೆ ಹೊಳೀತಿತ್ತು ಗೊತ್ತೇನೇ? ಹಂಗೇ ಆಗಬೇಕು,” ಎಂದರು. ನಾನು ಒಪ್ಪಲಿಲ್ಲ. ಪೌಡರ್ ಹಾಕುವ ಮೊದಲು ಮರಳು ಹೊಡೆದು ಹಳೆಯದನ್ನು ಕಿತ್ತುಹಾಕುತ್ತಾರೆ. ಹಿತ್ತಾಳೆ ಉಕ್ಕಿಗಿಂತ ಮೆದು. ಒರಟು ಮರಳು ಬಿದ್ದರೆ ಮೇಸ್ತ್ರಿ ಅಷ್ಟು ಹೊತ್ತು ಸವರಿದ ಆ ತಿರುವು ಸವೆಯುತ್ತದೆ. ಥ್ರೆಡ್ಡಿನೊಳಗೂ ಪೌಡರ್ ತುಂಬಿಕೊಳ್ಳುತ್ತದೆ. ಇದು ತಾಂತ್ರಿಕ ಕಾರಣ. ನಿಜವಾದ ಕಾರಣ ಬೇರೆ. ಅಡ್ಡಕಂಬಿಯ ಎಡಮಗ್ಗುಲಲ್ಲಿ ಮಾವನ ಮಂಡಿ ತಾಗಿ ಸವೆದ ಜಾಗ ಇದೆ. ಮುಂದೆ ಬ್ರೇಕ್ ವೈರು ಉಜ್ಜಿ ಉಜ್ಜಿ ಕೆಂಪಿನ ಕೆಳಗಿನ ಬೂದು ಬಣ್ಣ ಕಾಣುವ ಗೆರೆ ಇದೆ. ಆವಲಹಳ್ಳಿಯ ಕಲ್ಲು ಎದ್ದು ಹೊಡೆದ ಚುಕ್ಕೆಗಳಿವೆ. ಅವೆಲ್ಲ ಅಳಿಸಿಹೋದರೆ ಉಳಿಯುವ ಸೈಕಲ್ಲು ಯಾರದು?

ಕೊನೆಗೆ ತುಕ್ಕು ಹಿಡಿದ ಕಡೆ ಮಾತ್ರ ತೆಗೆದೆವು. ಸಣ್ಣ ನಟ್ಟು ಬೋಲ್ಟುಗಳನ್ನು ಅಮ್ಮ ದೇವರ ಸಾಮಾನು ತೊಳೆಯುವ ಹುಣಸೆಹಣ್ಣಿನ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಿಗ್ಗೆ ತಿಕ್ಕಿ ಕೊಟ್ಟರು. ಫ್ರೇಮಿನ ಒಳಗೆ ಕುದಿಸಿದ ಅಗಸೆ ಎಣ್ಣೆ ಹೊಯ್ದು, ಎಲ್ಲ ಕೊಳವೆಗೂ ಹರಿಯುವಂತೆ ತಿರುಗಿಸಿ, ಹೆಚ್ಚಿನದನ್ನು ಬಸಿದು, ಬಿಸಿಲಿಗೆ ನಿಲ್ಲಿಸಿದೆವು. ಒಣಗಿದರೆ ಅದೇ ಒಳಗಿನ ರಕ್ಷೆ. ಹೊರಗೆ ಮೇಣ ತಿಕ್ಕಿದೆ. ಹೊಸ ಬೆಸುಗೆಯ ಸುತ್ತ ಬಣ್ಣ ಸುಟ್ಟುಹೋಗಿತ್ತು. ಅಲ್ಲಿ ಕೆಂಪು ಹಚ್ಚದೆ ಬರೀ ಪಾರದರ್ಶಕ ವಾರ್ನಿಷ್ ಕೊಟ್ಟೆ. ಹಾಗಾಗಿ ಎಡಗಡೆಯ ಗೂಟದ ಬುಡದಲ್ಲಿ ಹಿತ್ತಾಳೆಯ ಹಳದಿ ಈಗ ಎಲ್ಲರಿಗೂ ಕಾಣುತ್ತದೆ. ರಿಚಿಯ ಬೆಸುಗೆಗಳು ಬಣ್ಣದ ಕೆಳಗೆ. ಯಲಹಂಕದ ಮೇಸ್ತ್ರಿಯದು ಬೆಳಕಿನಲ್ಲಿ. ಮಾವನಿಗೆ ಇದು ಇವತ್ತಿಗೂ ಸರಿಬಂದಿಲ್ಲ. ಬಂದಾಗಲೆಲ್ಲ ಆ ಜಾಗವನ್ನು ಬೆರಳಿನಿಂದ ತೋರಿಸಿ, “ಇಷ್ಟು ಮಾಡಿದವಳಿಗೆ ಇದೊಂದು ಚುಕ್ಕೆ ಬಣ್ಣ ಹಚ್ಚಕ್ಕೆ ಏನೇ ಕಷ್ಟ?” ಎನ್ನುತ್ತಾರೆ. ಮಂಡಿಯ ಕಾರಣಕ್ಕೆ ಬೆಟ್ಟ ಹತ್ತುವಂತಿಲ್ಲ. ಆದರೂ ನಮ್ಮ ಅಡ್ಡರಸ್ತೆಯಲ್ಲಿ ಎರಡು ಸುತ್ತು ಹೊಡೆಯದೆ ಕಾಫಿ ಮುಟ್ಟುವುದಿಲ್ಲ.

ಆವಲಹಳ್ಳಿಗೆ ನಾನು ಹೋಗುತ್ತೇನೆ, ಅರಣ್ಯ ಇಲಾಖೆಯವರು ಬಿಡುವ ಹೊತ್ತಿನಲ್ಲಿ, ಬಿಡುವ ದಾರಿಯಲ್ಲಿ. ಬಿಎಂಎಸ್ ಕಾಲೇಜಿನ ಹತ್ತಿರದಿಂದ ಒಳಗೆ ಹೋದರೆ ಕೆಮ್ಮಣ್ಣಿನ ಜಾಡು ಶುರು. ಅಲ್ಲಿಗೆ ಬರುವ ಹುಡುಗರ ಸೈಕಲ್ಲಿಗೆ ಮುಂದೆ ಹಿಂದೆ ಸ್ಪ್ರಿಂಗು, ಡಿಸ್ಕ್ ಬ್ರೇಕು. ನನ್ನದಕ್ಕೆ ಸ್ಪ್ರಿಂಗಿಲ್ಲ. ಆದರೆ ತೆಳು ಉಕ್ಕು ಸಣ್ಣ ಅದುರನ್ನೆಲ್ಲ ತಾನೇ ನುಂಗಿ, ದೊಡ್ಡದನ್ನು ಮಾತ್ರ ಕೈಗೆ ತಿಳಿಸುತ್ತದೆ. ಯಾವ ಕಲ್ಲಿನ ಮೇಲೆ ಗಾಲಿ ಹತ್ತಿತೆಂದು ಅಂಗೈಗೆ ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಎಡಗೈ ಬ್ರೇಕು ಹಿಡಿದಾಗ ಆ ಗೂಟದ ಕಡೆಗೆ ಮೊದಮೊದಲು ಗಮನ ಹೋಗುತ್ತಿತ್ತು. ಈಗ ಹೋಗುವುದಿಲ್ಲ.

ಅಲ್ಲಿ ಪರಿಚಯವಾದವರಲ್ಲಿ ಕೆಲವರ ಮನೆಯಲ್ಲೂ ಹಳೆಯ ಉಕ್ಕಿನ ಸೈಕಲ್‌ಗಳಿವೆಯಂತೆ. ಅಜ್ಜನ ರ‍್ಯಾಲಿ, ಅಪ್ಪನ ಹರ್ಕ್ಯುಲಿಸ್. ಲಗ್ಗು ಬಿಟ್ಟ ಒಂದೆರಡನ್ನು ಮೇಸ್ತ್ರಿಯ ಓಣಿಗೆ ಕಳಿಸಿದ್ದೇನೆ. ನಾನೂ ಭಾನುವಾರಗಳಲ್ಲಿ ಅಲ್ಲಿಗೆ ಹೋಗುತ್ತೇನೆ, ಕಲಿಯಲು. ಗುಜರಿಯಿಂದ ತಂದ ಶಾಲೆ ಸೈಕಲ್ಲಿನ ಕೊಳವೆಗಳನ್ನು ಗೇಣುದ್ದ ಕೊಯ್ದು, ಒಂದರ ತುದಿಯನ್ನು ಇನ್ನೊಂದರ ಮೈಗೆ ಕೂರುವಂತೆ ಅರ ಹಾಕಿ, ಬಿಳಿಗಾರ ಬಳಿದು ಬೆಸೆಯುತ್ತೇನೆ. ಮೇಸ್ತ್ರಿ ಅದನ್ನು ತೆಗೆದುಕೊಂಡು ವೈಸಿಗೆ ಹಾಕಿ ನಡುವೆ ಗರಗಸ ಬಿಡುತ್ತಾರೆ, ಒಳಗೆ ಹಿತ್ತಾಳೆ ಎಲ್ಲಿಯವರೆಗೆ ಹೋಗಿದೆಯೆಂದು ನೋಡಲು. ಕಳೆದ ವಾರದ್ದನ್ನು ಕನ್ನಡಕ ಏರಿಸಿ ನೋಡಿ ನನ್ನ ಕೈಗೇ ಕೊಟ್ಟರು. “ಮೇಲೆ ಅಂಟಿದೆ ಅಷ್ಟೇ ಕಣಮ್ಮ, ಒಳಕ್ಕೆ ಹರಿದಿಲ್ಲ. ಉರಿ ಸಂದಿನ ಕಡೆ ಜಾಸ್ತಿ ಹಿಡಿ. ಇನ್ನೊಂದು ಕೊಯ್ಯಿ.”